ಕಟ್ಟೆಯ ಮೇಲಿನ ಹಾಸು

ನಮ್ಮ ಮನೆಯಿಂದ ಹಳ್ಳದ ದಂಡೆ ಹಿಡಿದು ಹತ್ತು ನಿಮಿಷ ಮೇಲಕ್ಕೆ ನಡೆದರೆ ಒಂದು ಮಣ್ಣಿನ ಕಟ್ಟೆ ಸಿಗುತ್ತದೆ. ಬೋರ್ಡಿನ ಮೇಲೆ ಅದಕ್ಕೆ ತಮಿಳಿನಲ್ಲಿ ಮೂರು ಸಾಲಿನ ಹೆಸರಿದೆ. ಸೇಲಂ ಊರಂಚಿನ ನಮ್ಮ ಕನ್ನಡ ಮನೆಮಾತಿನ ನೇಕಾರರ ಬೀದಿಯಲ್ಲಿ ಮಾತ್ರ ಅದು ಬರೀ ಡ್ಯಾಮ್. ಈ ಹೆಸರು ಕೇಳಿಕೊಂಡು ನೋಡಲು ಬಂದ ನೆಂಟರು ನನ್ನ ಮುಖವನ್ನು ಅನುಮಾನದಿಂದ ನೋಡಿದ್ದುಂಟು. ನನ್ನ ನಾದಿನಿಯನ್ನು ಕೊಟ್ಟಿರುವುದು ಕೊಳತ್ತೂರಿಗೆ. ಮೆಟ್ಟೂರು ಅಣೆಕಟ್ಟಿನ ನೀರನ್ನು ದಿನಾ ಕಣ್ಣಲ್ಲಿ ಕಾಣುವವಳು. ಅವಳು ನಮ್ಮ ಕಟ್ಟೆಯ ಮೇಲೆ ನಿಂತು ಆ ಕಡೆ ಈ ಕಡೆ ನೋಡಿ, "ಡ್ಯಾಮೇನೋ ಐತೆ ಅತ್ಗೆ, ನೀರೆಲ್ಲಿ?" ಎಂದಳು.

ನೀರು ಇರುವುದಿಲ್ಲ. ಅದನ್ನು ಕಟ್ಟಿದ್ದೇ ನೀರು ತುಂಬಿಡಲು ಅಲ್ಲ. ಬೆಟ್ಟದ ಮೇಲೆ ಜೋರಾಗಿ ಮಳೆ ಹೊಯ್ದರೆ ಒಂದೇ ಗಂಟೆಯೊಳಗೆ ಹಳ್ಳ ಉಕ್ಕಿ ಕೆಳಗೆ ನುಗ್ಗುತ್ತದೆ. ಕಟ್ಟೆ ಆ ನೀರಿಗೆ ಅಡ್ಡ ನಿಲ್ಲುತ್ತದೆ. ಅದರ ಅಡಿಯಲ್ಲಿ ಬಾಗಿಲಿಲ್ಲದ ಒಂದು ತೂಬು ಇದೆ, ಸಿಮೆಂಟಿನ ಕೊಳವೆ. ಅದರಲ್ಲಿ ಹಿಡಿಸುವಷ್ಟು ನೀರು ಮಾತ್ರ ಈಚೆ ಬರುತ್ತದೆ, ಉಳಿದದ್ದು ತನ್ನ ಸರದಿ ಕಾಯಬೇಕು. ಮಳೆ ನಿಂತು ಮೂರು ದಿನ ಕಳೆದು ಹೋಗಿ ನೋಡಿದರೆ ಕಟ್ಟೆಯ ಹಿಂದೆ ಇರುವುದು ಕೆಸರು, ಪ್ಲಾಸ್ಟಿಕ್ ಚೀಲ ಮತ್ತು ಯಾರದೋ ಎಮ್ಮೆ. ಎತ್ತರ ಒಂದು ತೆಂಗಿನ ಮರದಷ್ಟೂ ಇಲ್ಲ. ಉದ್ದ ನಮ್ಮ ಬೀದಿಯ ಎರಡರಷ್ಟು. ಮೇಲ್ಭಾಗ ಸಪಾಟಾಗಿ, ದಾರ ಹಿಡಿದು ಗೆರೆ ಹಾಕಿದಂತೆ ನೇರವಾಗಿದೆ. ಈ ನೇರವೇ ನಮ್ಮನ್ನು ಕೆಡಿಸಿತು.

ನನ್ನ ತವರು ನಲ್ಲಂಪಳ್ಳಿಯ ಹತ್ತಿರದ ಹಳ್ಳಿ. ನಾವೂ ನೇಕಾರರೇ, ಆದರೆ ತವರಿನವರು ಮಗ್ಗ ಬಿಟ್ಟು ಹೊಲಕ್ಕಿಳಿದು ಎರಡು ತಲೆಮಾರು ಆಗಿತ್ತು. ಹಾಗಾಗಿ ಮದುವೆಯಾಗಿ ಸೇಲಂಗೆ ಬಂದಾಗ ನನಗೆ ಲಾಳಿ ಹಿಡಿಯಲೂ ಬರುತ್ತಿರಲಿಲ್ಲ. ಅತ್ತೆ ಕಲಿಸಿದರು. ಕಲಿಸುತ್ತಲೇ "ಮಣ್ಣಿನ ಮನೇಳು" ಎಂದು ರೇಗಿಸುತ್ತಿದ್ದರು. ಅಪ್ಪ ನನಗೆ ಕನ್ನಡದ ಅಕ್ಷರ ಕಲಿಸಿದ್ದ. ಈಗಲೂ ನಮ್ಮ ಬೀದಿಯಲ್ಲಿ ಕನ್ನಡ ಆಡುವವರು ಎಲ್ಲರೂ, ಬರೆಯುವವಳು ನಾನೊಬ್ಬಳು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬ ಇದ್ದರೂ ಇರಬಹುದು.

ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿರುತ್ತಾರೆ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು ಕಾಲಡಿಯ ಹಲಗೆ ತುಳಿಯುತ್ತಾರೆ. ಬೀದಿಗೆ ನೀರು ಬಂದರೆ ಮನೆಯಲ್ಲಿ ಮೊದಲು ತುಂಬುವುದು ಆ ಗುಂಡಿ. ನಾನು ಬಂದ ವರ್ಷವೇ ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆಗೆ ಹಳ್ಳ ಉಕ್ಕಿ ನಮ್ಮ ಬೀದಿಗೆ ನುಗ್ಗಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಗ್ಗದ ಮೇಲಿದ್ದ ಅರ್ಧ ನೇಯ್ದ ಸೀರೆಯ ಅಂಚು ಕೆಂಪು ನೀರಿನಲ್ಲಿ ತೇಲುತ್ತಿತ್ತು. ಹತ್ತಿ ನೂಲು ಒಮ್ಮೆ ಕೆಸರು ಕುಡಿದರೆ ಮುಗಿಯಿತು, ಎಷ್ಟು ಒಗೆದರೂ ಹೋಗುವುದಿಲ್ಲ. ಮಾವ ಕೊಡದಲ್ಲಿ ಗುಂಡಿಯ ನೀರು ಮೊಗೆದು ಬಾಗಿಲಾಚೆ ಸುರಿಯುತ್ತಿದ್ದರು, ಅದು ಇನ್ನೊಂದು ಕಡೆಯಿಂದ ಒಳಗೆ ಬರುತ್ತಿತ್ತು. ಸುರಿಯುವುದನ್ನು ಅವರು ನಿಲ್ಲಿಸಲಿಲ್ಲ. ನನಗೆ ನಗು ಬಂತು, ಅತ್ತೆ ತೊಡೆಗೆ ಚಿವುಟಿದರು.

ಕಟ್ಟೆ ಬೇಕೆಂದು ಹಠ ಹಿಡಿದವರು ಈ ಮಾವನೇ. ಸೋಮವಾರ ಬಂತೆಂದರೆ ಬಿಳಿ ಪಂಚೆ ಉಟ್ಟು, ಟವುನ್ ಬಸ್ ಹತ್ತಿ, ಕಲೆಕ್ಟರ್ ಆಫೀಸಿಗೆ ಅರ್ಜಿ ಹಿಡಿದುಕೊಂಡು ಹೊರಡುತ್ತಿದ್ದರು. ಅಲ್ಲಿನ ಜವಾನರಿಗೆಲ್ಲ ಅವರ ಗುರುತಾಗಿಹೋಗಿತ್ತು. ಒಬ್ಬ ಅಧಿಕಾರಿ ವರ್ಗವಾಗಿ ಹೋದರೆ ಹೊಸಬರಿಗೆ ಮೊದಲಿನಿಂದ ಕಥೆ ಹೇಳಬೇಕು. ಮಾವ ಹೇಳುತ್ತಿದ್ದರು. ನನ್ನ ಇಬ್ಬರು ಮಕ್ಕಳು ಶಾಲೆ ಮುಗಿಸುವವರೆಗೂ ಹೇಳಿದರು. ಕೊನೆಗೆ ಒಂದು ಬೇಸಿಗೆಯಲ್ಲಿ ಲಾರಿಗಳು ಬಂದವು, ರೋಲರ್ ಬಂತು, ಕೆಂಪು ಮಣ್ಣನ್ನು ಒಂದು ಪದರ ಹಾಕಿ ತುಳಿಸಿ, ಮೇಲೆ ಇನ್ನೊಂದು ಪದರ ಹಾಕಿ ಕಟ್ಟೆ ಎತ್ತಿದರು. ಮಾವ ದಿನಾ ಅಲ್ಲೇ. ರೋಲರ್ ಓಡಿಸುವವನಿಗೆ ನಮ್ಮ ಮನೆಯಿಂದ ಟೀ. ಮಗಳ ಮದುವೆಯಲ್ಲೂ ಅವರು ಅಷ್ಟು ಓಡಾಡಿರಲಿಲ್ಲ ಎಂದು ಅತ್ತೆ ಗೊಣಗಿದರು. ಮರುವರ್ಷ ಅತ್ತೆ ತೀರಿಕೊಂಡರು, ಆದರೆ ಕಟ್ಟೆಯ ನಂತರದ ಒಂದು ಮಳೆಗಾಲವನ್ನು ನೋಡಿಯೇ ಹೋದರು. ಆ ವರ್ಷ ನಮ್ಮ ಗುಂಡಿಗೆ ಒಂದು ಹನಿ ನೀರು ಬರಲಿಲ್ಲ.

ಆಮೇಲೆ ನಮ್ಮ ಬೀದಿಗೆ ಸಿಮೆಂಟ್ ರಸ್ತೆ ಹಾಕಿದರು. ಎಲ್ಲರೂ ಸಂತೋಷಪಟ್ಟೆವು. ಹಾಸು ಎಲ್ಲಿ ಹಾಕುವುದು ಎಂದು ಒಬ್ಬರೂ ಯೋಚಿಸಲಿಲ್ಲ.

ಹಾಸು ಎಂದರೆ ಸೀರೆಯ ಉದ್ದದ ನೂಲು. ನಮ್ಮವರ ಬಾಯಲ್ಲಿ ಅದು ತಮಿಳಿನ ಪಾವು. ಮಗ್ಗಕ್ಕೆ ಏರಿಸುವ ಮೊದಲು ಆ ನೂಲನ್ನೆಲ್ಲ ಬೀದಿಯ ಉದ್ದಕ್ಕೂ ಎಳೆದು, ಎರಡು ತುದಿಗೆ ಗೂಟ ಹೊಡೆದು ಬಿಗಿದು, ಅಕ್ಕಿ ಗಂಜಿ ಬಳಿಯಬೇಕು. ಆಚೆಗೊಬ್ಬರು ಈಚೆಗೊಬ್ಬರು ಉದ್ದದ ಕುಂಚ ಹಿಡಿದು ನೂಲಿನ ಮೇಲೆ ಎಳೆಯುತ್ತಾ ಹೋಗುತ್ತಾರೆ. ಹರಿದ ಎಳೆಗಳನ್ನು ಹಿಂದಿನಿಂದ ಬರುವವರು ಗಂಟು ಹಾಕುತ್ತಾರೆ. ಬಿಸಿಲು ಏರುವ ಮೊದಲು ಮುಗಿಯಬೇಕು. ಗಂಜಿ ಕಡಿಮೆಯಾದರೆ ನೂಲು ಜುಂಗೆದ್ದು ಹರಿಯುತ್ತದೆ, ಹೆಚ್ಚಾದರೆ ಬೆತ್ತದ ಹಾಗೆ ಸೆಟೆದುಕೊಳ್ಳುತ್ತದೆ. ಸಿಮೆಂಟ್ ರಸ್ತೆಯಲ್ಲಿ ಗೂಟ ಇಳಿಯಲಿಲ್ಲ. ಇಳಿದರೂ ಬೈಕುಗಳು ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಾವ ಹಾಸನ್ನು ಹೆಗಲಿಗೆ ಹಾಕಿಕೊಂಡು ಕಟ್ಟೆಯ ಕಡೆ ಹೊರಟರು, ನಾವು ಗಂಜಿ ಕೊಡ ಹೊತ್ತುಕೊಂಡು ಹಿಂದೆ ಹೋದೆವು.

ಜಾಗ ನೋಡಿ ನನಗೂ ಖುಷಿಯಾಯಿತು. ಉದ್ದ, ನೇರ, ಗಾಳಿ ಹದ, ವಾಹನವಿಲ್ಲ. ಒಂದೇ ವಾರದಲ್ಲಿ ಬೀದಿಯ ಇಪ್ಪತ್ತು ಮನೆಯವರೂ ಅಲ್ಲಿಗೆ ಬಂದರು.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ಒಂದು ಮನೆಯ ಗೂಟದ ಗುಂಡಿಯಲ್ಲಿ ಇನ್ನೊಂದು ಮನೆಯವರು ಗೂಟ ನೆಡುವುದಿಲ್ಲ. ನೆಟ್ಟರೆ ಆ ಮನೆಯ ಜಗಳವೆಲ್ಲ ಈ ಮನೆಯ ನೂಲಿಗೆ ಹತ್ತಿಕೊಳ್ಳುತ್ತದಂತೆ. ಹಳೆಯ ಬೀದಿಯಲ್ಲಿ ಪ್ರತಿ ಮನೆಯ ಗುಂಡಿಯೂ ಬೇರೆ, ಅಜ್ಜನ ಕಾಲದ್ದು. ಕಟ್ಟೆಯ ಮೇಲೂ ಹಾಗೇ ಆಯಿತು. ಅಣ್ಣ ತಮ್ಮಂದಿರು ಬೇರೆಯಾದರೆ ಗುಂಡಿಯೂ ಬೇರೆ. ಮನೆಯಲ್ಲಿ ಸಾವಾದರೆ ಹಳೆಯ ಗುಂಡಿ ಬಿಟ್ಟು ಹೊಸದು. ಮೊಳಕ್ಕೊಂದು ಗುಂಡಿಯಾಯಿತು, ಮುಂಗೈ ಇಳಿಯುವಷ್ಟು ಆಳದ್ದು. ಮಳೆ ಬಂದರೆ ಎಲ್ಲದರಲ್ಲೂ ನೀರು. ರೋಲರ್ ತುಳಿದು ತುಳಿದು ಗಟ್ಟಿ ಮಾಡಿದ್ದ ಮಣ್ಣನ್ನು ನಾವು ಇಷ್ಟು ಶ್ರದ್ಧೆಯಿಂದ ತೂತು ಮಾಡಿದೆವು.

ಮಾವ ಅಷ್ಟರಲ್ಲಿ ನೇಯುವುದನ್ನು ಬಿಟ್ಟಿದ್ದರು. ಮಂಡಿ ಮಡಿಸಿ ಗುಂಡಿಗೆ ಇಳಿಯಲು ಆಗುತ್ತಿರಲಿಲ್ಲ, ಮಗ್ಗ ನನ್ನ ಪಾಲಿಗೆ ಬಂದಿತ್ತು. ಆದರೆ ಗಂಜಿಯ ಹದ ಅವರಷ್ಟು ತಿಳಿದವರು ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಹಾಸು ಯಾರದೇ ಇರಲಿ, ಹೆಬ್ಬೆರಳು ತೋರುಬೆರಳ ನಡುವೆ ಎರಡು ಎಳೆ ಉಜ್ಜಿ ನೋಡಿ ಸರಿ ಎಂದೋ ಇನ್ನೊಂದು ಸುತ್ತು ಎಂದೋ ಹೇಳುವವರು ಅವರೇ. ದಿನಾ ಬೆಳಿಗ್ಗೆ ಎರಡು ಗಂಟೆ ಕಾಲ ಆ ಕಟ್ಟೆಯ ಮೇಲೆ ಅವರದೇ ದರ್ಬಾರು. "ಏನ್ಲೇ, ಕೈಯ್ಯಾಗ ಬಲ ಇಲ್ವಾ? ನೆನ್ನೆ ಸಾಪಾಡು ಆಗಿಲ್ವಾ?" ಎಂದು ಐವತ್ತು ದಾಟಿದವರನ್ನೂ ಗದರುತ್ತಿದ್ದರು. ಮನೆಗೆ ಬಂದ ಮೇಲೆ ಮೂಲೆಯಲ್ಲಿ ಕೂತು ಟಿವಿ ನೋಡುವ ಒಬ್ಬ ಮುದುಕ. ಆ ಎರಡು ಗಂಟೆಯ ಮೇಲೆ ಅವರ ಇಡೀ ದಿನ ನಿಂತಿದೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮುಂದಿನದನ್ನು ಮಾಡಿದೆ.

ಕಟ್ಟೆ ನೋಡಿಕೊಳ್ಳಲು ನೀರಾವರಿ ಆಫೀಸಿನ ಒಬ್ಬ ಲಸ್ಕರ್ ಇದ್ದ. ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು ತೂಬಿಗೆ ಸಿಕ್ಕಿದ ಕಸ ತೆಗೆದು ಹೋಗುವನು. ಗೂಟ ಹೊಡೆಯಬೇಡಿ ಎಂದು ಅವನು ತಮಿಳಿನಲ್ಲಿ ಎಷ್ಟೋ ಸಲ ಹೇಳಿದ. ಮಾವ ಅವನಿಗೆ ಟೀ ಕೊಡಿಸಿ, ಈ ಕಟ್ಟೆ ಬಂದದ್ದೇ ತನ್ನ ಅರ್ಜಿಯಿಂದ ಎಂದು ನೆನಪಿಸಿ ಕಳಿಸುತ್ತಿದ್ದರು. ಪಾಪ, ಅವನೂ ಎಷ್ಟು ಹೇಳಿಯಾನು. ಒಂದು ಮಾತು ಮಾತ್ರ ನನಗೆ ಹೇಳಿ ಹೋಗಿದ್ದ: ಕಟ್ಟೆ ತುಂಬಿದಾಗ ಹೊರಗಿನ ಬುಡದಲ್ಲಿ ತಿಳಿನೀರು ಜಿನುಗಿದರೆ ಹೆದರಬೇಕಿಲ್ಲ, ಕೆಂಪು ನೀರು ಬಂದರೆ ಆ ಕ್ಷಣವೇ ಫೋನ್ ಮಾಡಬೇಕು. ಕೆಂಪು ಬಂತೆಂದರೆ ಕಟ್ಟೆಯ ಹೊಟ್ಟೆಯೊಳಗಿನ ಮಣ್ಣೇ ಈಚೆ ಬರುತ್ತಿದೆ ಎಂದು ಅರ್ಥ.

ಉಳಿದ ಗಂಜಿಯನ್ನು ನಾವು ಹೊರಗಿನ ಇಳಿಜಾರಿಗೆ ಚೆಲ್ಲುತ್ತಿದ್ದೆವು. ನಾನೂ ಚೆಲ್ಲಿದ್ದೇನೆ. ಗಂಜಿಯಲ್ಲಿ ಅನ್ನದ ಅಗುಳು ಇರುತ್ತದೆ. ಮೊದಲು ಇರುವೆ ಬಂದವು, ಆಮೇಲೆ ಹೆಗ್ಗಣ. ಇಳಿಜಾರಿನ ಹುಲ್ಲಿನ ನಡುವೆ ಹೊಸ ಮಣ್ಣಿನ ಗುಡ್ಡೆ ಕಂಡಾಗ ಹತ್ತಿರ ಹೋಗಿ ಬಾಗಿ ನೋಡಿದೆ. ಹೊಲದ ಬದುವಿಗೆ ಹೆಗ್ಗಣ ಬಿದ್ದರೆ ಏನಾಗುತ್ತದೆ ಎಂದು ತವರಿನಲ್ಲಿ ನೋಡಿದವಳು ನಾನು. ಮಾವನಿಗೆ ತೋರಿಸಿದೆ.

"ಇರ್ಲಿ ಬುಡಮ್ಮಣಿ, ಅದುಕ್ಕೂ ಒಟ್ಟೆಪಾಡು ಐತಲ್ಲ," ಎಂದರು.

"ಮಾವ, ಬಿಲ ಒಳಗ್ಗಂಟ ಓಗಿದ್ರೆ ನೀರು ಅದ್ರಾಗೇ ಬತ್ತದೆ."

"ನಿಮ್ಮೂರ ಬದ ಅಲ್ಲ ಇದು. ರೋಲರ್ ಓಡ್ಸಿರೋ ಕಟ್ಟೆ."

ನಾನು ಮುಖ ಊದಿಸಿಕೊಂಡು ಕುಂಚ ತೊಳೆಯಲು ಹೋದೆ. ಗಂಜಿ ಚೆಲ್ಲುವುದನ್ನು ಮಾತ್ರ ನಿಲ್ಲಿಸಲಿಲ್ಲ, ಕೊಡವನ್ನು ಮನೆಗೆ ಹೊತ್ತು ತರಲು ಸೋಮಾರಿತನ.

ಎರಡು ವರ್ಷದ ಹಿಂದಿನ ಐಪ್ಪಸಿಯಲ್ಲಿ ಮಳೆ ಹಿಡಿದುಕೊಂಡಿತು. ಎರಡು ದಿನ ಬೆಟ್ಟ ಕಾಣಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸ್ವಲ್ಪ ಹೊಳವಾದಾಗ ಮಾವ ಕೊಡೆ ಹಿಡಿದು ಕಟ್ಟೆ ನೋಡಲು ಹೊರಟರು, ಜಾರಿ ಬಿದ್ದಾರೆಂದು ನಾನೂ ಜೊತೆಗೆ ಹೋದೆ. ಕಟ್ಟೆಯ ಹಿಂದೆ ನೀರು ಮುಕ್ಕಾಲಿನವರೆಗೆ ನಿಂತಿತ್ತು. ಅಷ್ಟು ನೀರನ್ನು ನಾನು ಅಲ್ಲಿ ಎಂದೂ ಕಂಡಿರಲಿಲ್ಲ. ಮಾವ ಮೇಲೆ ನಿಂತು ಹೆಮ್ಮೆಯಿಂದ ನೋಡುತ್ತಿದ್ದರು. ನಾನು ಹೊರಗಿನ ಇಳಿಜಾರಿನಲ್ಲಿ ಕೆಳಗಿಳಿದೆ. ಗಂಜಿ ಚೆಲ್ಲುತ್ತಿದ್ದ ಜಾಗದ ನೇರಕ್ಕೆ ಕೆಳಗೆ, ಬುಡದಲ್ಲಿ, ಕೈಬೆರಳಿನಷ್ಟು ದಪ್ಪದ ನೀರು ಬರುತ್ತಿತ್ತು. ಅಂಗೈಯಲ್ಲಿ ಹಿಡಿದು ನೋಡಿದೆ. ಕೆಂಪಗಿತ್ತು.

"ಮಾವ, ಕೆಳಗೆ ಬರ್ರಿ."

ಅವರು ನಿಧಾನವಾಗಿ ಇಳಿದು ಬಂದು ನೋಡಿದರು. ನೂಲು ನೋಡುವ ಹಾಗೆಯೇ ಆ ಕೆಸರನ್ನು ಎರಡು ಬೆರಳ ನಡುವೆ ಉಜ್ಜಿದರು. ಅವರಿಗೆ ಅರ್ಥವಾಯಿತು ಎನ್ನುವುದು ನನಗೆ ಕಂಡಿತು.

"ಲಸ್ಕರ್‌ಗೆ ಪೋನ್ ಆಕ್ತೀನಿ," ಎಂದೆ.

"ಬ್ಯಾಡ."

"ಮಾವ!"

"ಬ್ಯಾಡಮ್ಮಣಿ. ಮಳೆ ನಿಂತೈತೆ. ನಾಳಿಕ್ಕೆ ನೀರು ಇಳೀತದೆ, ನಾನೇ ನಿಂತು ಬಿಲ ಮುಚ್ಚುಸ್ತೀನಿ. ಆಪೀಸ್ನೋರು ಬಂದ್ರೆ ಮೊದ್ಲು ನೋಡಾದು ಮ್ಯಾಲಿನ ಗುಂಡಿ. ಆಮ್ಯಾಕೆ ಇಲ್ಲಿ ಪಾವು ಆಕಕ್ಕೆ ಬುಡಾಕಿಲ್ಲ. ಇಲ್ಲೂ ಇಲ್ದೆ ಓದ್ರೆ ನಾನ್ ಎಲ್ಲಿಗೋಗ್ಲಿ?"

ನಾವು ಎಲ್ಲಿಗೆ ಹೋಗೋಣ ಎನ್ನಲಿಲ್ಲ, ನಾನು ಎಂದರು. ಅವರ ಬಾಯಲ್ಲಿ ನಾನು ಹಿಂದೆಂದೂ ಬೇಡಿಕೊಳ್ಳುವ ದನಿ ಕೇಳಿರಲಿಲ್ಲ. ಸರಿ ಮಾವ ಎಂದು ಹೇಳಿಬಿಟ್ಟೆ.

ಮನೆಗೆ ಬಂದು ನನ್ನ ಗಂಡನಿಗೆ ಫೋನ್ ಮಾಡಿದೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ವಿಷಯ ಕೇಳಿ, "ಅಪ್ಪ ಯೋಳಿದ್ರೆ ಸರಿಯಾಗೇ ಇರ್ತದೆ, ಆದ್ರೂ ನೀನು ನೋಡ್ಕೋ," ಎಂದರು. ಮದುವೆಯಾದಾಗಿನಿಂದ ನನಗೆ ಅವರು ಕೊಡುತ್ತಾ ಬಂದಿರುವ ಸಲಹೆ ಇದೊಂದೇ. ಸಿಟ್ಟಿನಿಂದ ಫೋನ್ ಇಟ್ಟೆ. ಬಾಗಿಲಲ್ಲಿ ನಿಂತು ನೋಡಿದೆ. ಎದುರು ಮನೆಯವಳು ಮೊಮ್ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು. ಬೆಟ್ಟದ ಮೇಲೆ ಮತ್ತೆ ಮೋಡ ಕಪ್ಪಾಗುತ್ತಿತ್ತು. ಮಾವ ಒಳಗೆ ಒದ್ದೆ ಪಂಚೆ ಬದಲಿಸುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಲಸ್ಕರ್‌ಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ, ನೀರಿನ ಬಣ್ಣ ಏನು? ಹೇಳಿದೆ.

ಒಂದು ಗಂಟೆಯೊಳಗೆ ಜೀಪು ಬಂತು, ಹಿಂದೆಯೇ ಮರಳು ಮತ್ತು ಜಲ್ಲಿ ತುಂಬಿದ ಟ್ರ್ಯಾಕ್ಟರ್. ಜಾಗ ತೋರಿಸಲು ಲಸ್ಕರ್ ಎಲ್ಲರೆದುರೇ ನನ್ನನ್ನು ಕರೆದ, ಫೋನ್ ಮಾಡಿದ್ದು ಯಾರೆಂದು ಮಾವನಿಗೂ ಬೀದಿಗೂ ತಿಳಿಯಿತು. ಇಂಜಿನಿಯರ್ ಒಬ್ಬ ಹೆಂಗಸು, ನನ್ನ ಮಗಳ ವಯಸ್ಸಿರಬಹುದು. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕೆಸರಿಗೆ ಇಳಿದಳು. ನೀರಿನ ಬಾಯಿಯನ್ನು ಮುಚ್ಚಿಬಿಡುತ್ತಾರೆ ಎಂದುಕೊಂಡಿದ್ದೆ. ಮುಚ್ಚಲಿಲ್ಲ. ಮುಚ್ಚಿದರೆ ನೀರು ಇನ್ನೊಂದು ಕಡೆ ಒಡೆದುಕೊಳ್ಳುತ್ತದಂತೆ. ಅದರ ಮೇಲೆ ಮೊದಲು ಮರಳು, ಆಮೇಲೆ ಜಲ್ಲಿ ಹಾಸಿ, ಸುತ್ತ ಮರಳಿನ ಚೀಲ ಪೇರಿಸಿದರು. ನೀರು ಬರಲಿ, ಮಣ್ಣು ಬರಬಾರದು. ನಮ್ಮ ಬೀದಿಯವರೆಲ್ಲ ಚೀಲ ಹೊತ್ತರು. ತಗ್ಗಿನ ಮನೆಗಳವರನ್ನು ಶಾಲೆಗೆ ಕಳಿಸಿದರು. ಸಂಜೆ ಇಳಿಯುವ ಹೊತ್ತಿಗೆ ಮತ್ತೆ ಮಳೆ ಶುರುವಾಯಿತು, ಅಷ್ಟರಲ್ಲಿ ಜಲ್ಲಿಯ ಸಂದಿನಿಂದ ಬರುವ ನೀರು ತಿಳಿಯಾಗಿತ್ತು. ಆ ಮಳೆ ಮಾರನೆಯ ದಿನದವರೆಗೂ ಹೊಯ್ಯಿತು. ಕಟ್ಟೆ ನಿಂತಿತು. ಮರಳು ಹಾಸದೆ ಬಿಟ್ಟಿದ್ದರೆ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ ಎಂದು ಇಂಜಿನಿಯರ್ ಆಮೇಲೆ ಹೇಳಿದಳು.

ನೀರು ಇಳಿದ ಮೇಲೆ ಆಕೆ ಕಟ್ಟೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಳು. ಗುಂಡಿ ಕಂಡಲ್ಲೆಲ್ಲ ಸುಣ್ಣದಲ್ಲಿ ಗುರುತು ಹಾಕಿಸಿದಳು. ಕೊನೆಗೆ ಕಟ್ಟೆಯೇ ಬೆಳ್ಳಗಾಯಿತು. ಇದನ್ನೆಲ್ಲ ತೋಡಿದವರು ಯಾರು ಎಂದು ತಮಿಳಿನಲ್ಲಿ ಕೇಳಿದಳು. ಬೀದಿಯ ಇಪ್ಪತ್ತು ಮನೆಯವರೂ ಅಲ್ಲಿದ್ದರು, ಒಬ್ಬರ ಹಿಂದೆ ಒಬ್ಬರು ಸರಿದುಕೊಂಡರು. ಇಳಿಜಾರಿನ ಬಿಲಗಳಿಗೆ ನಾನು ಚೆಲ್ಲಿದ ಗಂಜಿಯೂ ಕಾರಣ, ನಾನೂ ನೆಲ ನೋಡುತ್ತಾ ನಿಂತಿದ್ದೆ. ಮಾವ ಮುಂದೆ ಬಂದು, "ನಾನ್ ದಾಮ್ಮಾ," ಎಂದರು. ನಾನೇ ಕಣಮ್ಮ ಎಂದು. ಇನ್ನು ಮೇಲೆ ಇಲ್ಲಿ ಹಾಸು ಹಾಕುವುದಿಲ್ಲ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದವರೂ ಅವರೇ. ಕಟ್ಟೆಗಾಗಿ ಅಷ್ಟು ವರ್ಷ ಹಾಕಿದ ಸಹಿ, ತಪ್ಪಿಲ್ಲದೆ, ದೊಡ್ಡ ಅಕ್ಷರದಲ್ಲಿ. ನನಗೆ ನಾಚಿಕೆಯಾಯಿತು.

ಗುಂಡಿಗಳಿಗೆಲ್ಲ ಜೇಡಿಮಣ್ಣು ತುಂಬಿ ಗುದ್ದಿದರು. ಬಿಲಗಳನ್ನು ಅಗೆದು ಮುಚ್ಚಿದರು. ಎರಡೂ ತುದಿಗೆ ಕಬ್ಬಿಣದ ಗೇಟು ಬಂತು. ಬೀದಿಯವರು ಸ್ವಲ್ಪ ದಿನ ನನ್ನನ್ನು ಹಿಂದಿನಿಂದ ಬೈದುಕೊಂಡರು, ಆಮೇಲೆ ಮರೆತರು. ಗಂಜಿ ಹಾಕಿ ಒಣಗಿಸಿ ಸುತ್ತಿದ ಹಾಸೇ ಈಗ ಮಿಲ್ಲಿನಿಂದ ಸಿದ್ಧವಾಗಿ ಬರುತ್ತದೆ. ನನ್ನ ಮಗ್ಗ ನಡೆಯುತ್ತಲೇ ಇದೆ. ನಿಜ ಹೇಳಬೇಕೆಂದರೆ ಮಿಲ್ಲಿನ ನೂಲು ಅಷ್ಟು ಹರಿಯುವುದಿಲ್ಲ, ನನ್ನ ಕೆಲಸ ಹಗುರಾಗಿದೆ. ಇದನ್ನು ಮನೆಯಲ್ಲಿ ಬಾಯಿ ಬಿಟ್ಟು ಹೇಳಿಲ್ಲ.

ಮಾವ ನನ್ನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಬೈಗುಳವಿಲ್ಲ. ನಾನು ಎದುರಿಗೇ ನಿಂತಿದ್ದರೂ "ಕಾಪಿ ಆಗೈತಾ ಕೇಳು," ಎಂದು ಮಗನಿಗೆ, ಅಂದರೆ ನನ್ನ ಗಂಡನಿಗೆ, ಹೇಳುತ್ತಿದ್ದರು. ಮಗ ನನ್ನ ಕಡೆ ತಿರುಗಿ ಅದನ್ನೇ ಕೇಳುತ್ತಿದ್ದರು. ಮಗ ಡ್ಯೂಟಿಗೆ ಹೋದರೆ ಕಾಫಿಯ ಮಾತೇ ಇಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಹೋಗಲು ಎಲ್ಲೂ ಇಲ್ಲದೆ ಜಗಲಿಯಲ್ಲಿ ಕೂರುತ್ತಿದ್ದರು. ಪೂರ್ತಿ ಒಂದು ವರ್ಷ ಹೀಗೆ ನಡೆಯಿತು. ಮೊದಲು ನನಗೆ ಪಾಪಪ್ರಜ್ಞೆ ಇತ್ತು, ಆಮೇಲೆ ಬೇಜಾರು, ಆಮೇಲೆ ಸಿಟ್ಟು. ಇಪ್ಪತ್ತು ಮನೆ ಉಳಿದಿವೆ, ಇವರದ್ದೂ ಸೇರಿ. ನಾನು ಮಾಡಿದ್ದು ತಪ್ಪಾ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿಕೊಂಡಿದ್ದೇನೆ.

ಹೋದ ವರ್ಷ ಐಪ್ಪಸಿಯ ಮಳೆಯ ಒಂದು ಮಧ್ಯಾಹ್ನ. ಗಂಡ ಡ್ಯೂಟಿಯಲ್ಲಿದ್ದರು. ಮಾವ ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಕೇಳದಿದ್ದರೂ ಕಾಫಿ ಮಾಡಿ ತಂದು ಪಕ್ಕಕ್ಕಿಟ್ಟು, ಕೊನೆಗೂ ಕೇಳಿಯೇ ಬಿಟ್ಟೆ.

"ಮಾವ, ನಾನ್ ಮಾಡಿದ್ದು ತಪ್ಪಾ? ಯೋಳ್ಬುಡ್ರಿ."

ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದರು. ಕಾಳನ್ನು ಮೊರಕ್ಕೆ ಹಾಕಿದರು. ಮಳೆಯನ್ನು ನೋಡುತ್ತಾ, ಒಂದು ವರ್ಷದ ಮೇಲೆ ಮೊದಲ ಸಲ ನನಗೇ ಹೇಳಿದರು.

"ತಪ್ಪು ಮಾಡಿದ್ರೆ ಎಷ್ಟೋ ಚೆಂದಾಗಿತ್ತು ಅಮ್ಮಣಿ. ಬೈದು ಅವತ್ತೇ ಮರ್ತುಬುಡ್ತಿದ್ದೆ. ನೀನ್ ಮಾಡಿದ್ದು ಸರಿ. ಅದುಕ್ಕೇ ಕ್ವಾಪ ಓಗಾಕಿಲ್ಲ."

ನನಗೆ ಅಳು ಬಂತು. ಕಾಫಿ ಆರುತ್ತದೆ, ಕುಡಿಯಿರಿ ಎಂದೆ. ಅವರು ಲೋಟ ಎತ್ತಿಕೊಂಡರು.